ಕೊನೆಗೆ ಬಂದವರಿಗೂ ಒಂದು ಪಾಲು: ಐಪಿ ಅಡ್ರೆಸ್ ಹಂಚಿಕೆಯ ನಿಯಮಗಳು

(ನೆಟ್‌ವರ್ಕ್ ನಡೆಸುವವರು ಮತ್ತು ನೆಟ್‌ವರ್ಕಿಂಗ್ ಕಲಿಯುತ್ತಿರುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ಹೊಸದಾಗಿ ಒಂದು ಇಂಟರ್‌ನೆಟ್ ಸೇವೆ ಶುರು ಮಾಡುತ್ತೀರಿ ಅಂತ ಇಟ್ಟುಕೊಳ್ಳಿ. ಫೈಬರ್ ದುಡ್ಡು ಕೊಟ್ಟರೆ ಸಿಗುತ್ತದೆ. ಡೇಟಾಗೆ ದಾರಿ ತೋರಿಸುವ ರೂಟರ್ ಕೂಡ ಅಷ್ಟೇ. ಕೆಲಸಕ್ಕೆ ಜನ ಸಿಗುತ್ತಾರೆ. ಆದರೆ ಐಪಿ ಅಡ್ರೆಸ್ ಬೇಕಲ್ಲ, ಅದನ್ನು ಯಾವ ಫ್ಯಾಕ್ಟರಿಯೂ ತಯಾರಿಸುವುದಿಲ್ಲ. ಅದು ಬರೀ ಒಂದು ಸಂಖ್ಯೆ, ನೆಟ್‌ನಲ್ಲಿರುವ ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವ ಸಂಖ್ಯೆ. ನಿಮಗೆ ಇಷ್ಟ ಬಂದ ಸಂಖ್ಯೆಯನ್ನು ರೂಟರ್‌ಗೆ ಹಾಕಿದರೆ ರೂಟರ್ ಬೇಡ ಅನ್ನುವುದಿಲ್ಲ. ಆದರೆ ಜಗತ್ತಿನ ಉಳಿದ ನೆಟ್‌ವರ್ಕ್‌ಗಳೆಲ್ಲ ಆ ಸಂಖ್ಯೆ ನಿಮ್ಮದು ಅಂತ ಒಪ್ಪಬೇಕು. ಅಡ್ರೆಸ್‌ಗೆ ಬೆಲೆ ಬರುವುದೇ ಆ ಒಪ್ಪಿಗೆಯಿಂದ. ಒಪ್ಪಿಗೆ ಬರುವುದು ಒಂದು ದಾಖಲೆಯಿಂದ. ಆ ದಾಖಲೆಯಲ್ಲಿ ಯಾರ ಹೆಸರು ಬರೆಯಬೇಕು, ಎಷ್ಟು ಬರೆಯಬೇಕು ಅನ್ನುವುದಕ್ಕೆ ನಿಯಮಗಳಿವೆ. ಇವತ್ತಿನ ಮಾತು ಆ ನಿಯಮಗಳ ಬಗ್ಗೆ.

ಇದರಲ್ಲಿ ನನಗೊಂದು ಪಕ್ಷ ಇದೆ, ಮೊದಲೇ ಹೇಳಿಬಿಡುತ್ತೇನೆ. ಹಂಚಿಕೆಯ ಯಾವ ನಿಯಮ ನೋಡಿದರೂ ನಾನು ಕೇಳುವ ಪ್ರಶ್ನೆ ಒಂದೇ: ನಾಳೆ ಬರುವವನಿಗೆ ಇದರಲ್ಲಿ ಏನು ಉಳಿಯುತ್ತದೆ?

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಐಪಿವಿ4 ಅಡ್ರೆಸ್ 32 ಬಿಟ್‌ನದು. ಲೆಕ್ಕ ಹಾಕಿದರೆ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳು. 1981ರಲ್ಲಿ ಇದರ ಸ್ಟ್ಯಾಂಡರ್ಡ್ ಬಂದಾಗ ನೆಟ್‌ಗೆ ಸೇರಿದ್ದ ಕಂಪ್ಯೂಟರ್‌ಗಳು ಕೆಲವು ನೂರು. ಅವರ ಕಣ್ಣಿಗೆ 429 ಕೋಟಿ ಅಂದರೆ ಮುಗಿಯದ ಗಣಿ. ಹಂಚುವ ಕೆಲಸವನ್ನು ಜಾನ್ ಪೋಸ್ಟೆಲ್ ಅನ್ನುವ ವಿಜ್ಞಾನಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೂತು ನೋಡಿಕೊಳ್ಳುತ್ತಿದ್ದರು. ಯಾರಿಗೆ ಯಾವ ಸಂಖ್ಯೆ ಹೋಯಿತು ಅಂತ ಪಟ್ಟಿ ಬರೆದಿಡುತ್ತಿದ್ದರು. ಮುಂದೆ ಆ ಕೆಲಸಕ್ಕೆ ಐಯಾನಾ ಅಂತ ಹೆಸರು ಬಂತು. 1998ರಲ್ಲಿ, ಈ ಕೆಲಸದ ಹೊಣೆ ಹೊತ್ತ ಐಕ್ಯಾನ್ ಸಂಸ್ಥೆ ಹುಟ್ಟಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಪೋಸ್ಟೆಲ್ ತೀರಿಕೊಂಡರು. ಒಬ್ಬ ಮನುಷ್ಯನ ಪ್ರಾಮಾಣಿಕತೆಯ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ಅಷ್ಟು ವರ್ಷ ನಿಂತಿತ್ತು. ಅವರ ಬಗ್ಗೆ ನನಗೆ ತುಂಬ ಗೌರವ ಇದೆ.

ಆದರೆ ಅವತ್ತಿನ ಹಂಚಿಕೆಯ ಅಳತೆ ಸರಿ ಇರಲಿಲ್ಲ. ಮೂರೇ ಸೈಜಿನ ಅಂಗಿ ಹೊಲಿದಿಟ್ಟು, ಬಂದವರೆಲ್ಲ ಇದರಲ್ಲೇ ಆರಿಸಿಕೊಳ್ಳಿ ಅಂದ ಹಾಗಿತ್ತು. ಕ್ಲಾಸ್ ಎ ಅಂದರೆ 1 ಕೋಟಿ 67 ಲಕ್ಷ ಅಡ್ರೆಸ್. ಕ್ಲಾಸ್ ಬಿ ಅಂದರೆ 65,536. ಕ್ಲಾಸ್ ಸಿ ಅಂದರೆ 256. ಎರಡು ಸಾವಿರ ಕಂಪ್ಯೂಟರ್ ಇರುವ ಸಂಸ್ಥೆ ಬಂದರೆ ಸಿ ಸಾಲುವುದಿಲ್ಲ, ಬಿ ಕೊಡಬೇಕು. ಕೊಟ್ಟರೆ 63 ಸಾವಿರಕ್ಕೂ ಜಾಸ್ತಿ ಅಡ್ರೆಸ್ ಸುಮ್ನೆ ಬಿದ್ದಿರುತ್ತವೆ. ಇನ್ನು ಕ್ಲಾಸ್ ಎ ವಿಷಯ. ಎಂಐಟಿಗೆ ಒಂದು, ಫೋರ್ಡ್ ಕಾರು ಕಂಪನಿಗೆ ಒಂದು, ಆಪಲ್‌ಗೆ ಒಂದು, ಐಬಿಎಂಗೆ ಒಂದು. ಇವರು ಯಾರೂ ಕಳ್ಳತನ ಮಾಡಲಿಲ್ಲ. ಕೇಳಿದರು, ಅವತ್ತಿನ ನಿಯಮದಂತೆ ಸಿಕ್ಕಿತು. ಆದರೆ ಒಂದು ವಿಶ್ವವಿದ್ಯಾಲಯಕ್ಕೆ ಹೋದ ಬ್ಲಾಕ್‌ನಷ್ಟು (ಸಾಲಾಗಿ ಬರುವ ಅಡ್ರೆಸ್‌ಗಳ ಗುಂಪನ್ನು ಬ್ಲಾಕ್ ಅನ್ನುತ್ತಾರೆ) ಅಡ್ರೆಸ್ ಮುಂದೆ ಎಷ್ಟೋ ದೇಶಗಳಿಗೆ ಇಡಿಯಾಗಿ ಸಿಗಲಿಲ್ಲ. ತಡವಾಗಿ ಬಂದವರು ಏನು ತಪ್ಪು ಮಾಡಿದ್ದರು? ತಡವಾಗಿ ಬಂದಿದ್ದೇ ತಪ್ಪಾಯಿತು ಅಷ್ಟೇ.

ಸ್ಟ್ಯಾನ್‌ಫರ್ಡ್ ತನ್ನ ಕ್ಲಾಸ್ ಎ ಬ್ಲಾಕ್ ಅನ್ನು 2000ದಲ್ಲಿ ವಾಪಸ್ ಕೊಟ್ಟಿತು. ಯಾರೂ ಬಲವಂತ ಮಾಡಿರಲಿಲ್ಲ, ದುಡ್ಡೂ ತೆಗೆದುಕೊಳ್ಳಲಿಲ್ಲ. ಕೇಳದೆ ಕೊಟ್ಟವರು ಬಹಳ ಕಡಿಮೆ, ಅದಕ್ಕೇ ಅವರ ಹೆಸರು ಹೇಳುತ್ತಿದ್ದೇನೆ.

1990ರ ಸುಮಾರಿಗೆ ಕ್ಲಾಸ್ ಬಿ ಬೇಗ ಮುಗಿಯುತ್ತದೆ ಅನ್ನುವುದು ಗೊತ್ತಾಯಿತು. 1993ರಲ್ಲಿ ಕ್ಲಾಸ್‌ಗಳನ್ನೇ ಕೈಬಿಟ್ಟರು. ಆವಾಗ ಬಂದಿದ್ದೇ ಸೈಡರ್ ಪದ್ಧತಿ, ನಾವು ಇವತ್ತು ಬರೆಯುವ /22, /24 ಇತ್ಯಾದಿ. ಸ್ಲ್ಯಾಶ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು. /24 ಅಂದರೆ 256 ಅಡ್ರೆಸ್, /23 ಅಂದರೆ 512, /22 ಅಂದರೆ 1,024. ಎರಡು ಸಾವಿರ ಕಂಪ್ಯೂಟರ್‌ನವರಿಗೆ ಈಗ 2,048 ಅಡ್ರೆಸ್‌ನ ಒಂದು /21 ಕೊಡಬಹುದು. ಹತ್ತಿರ ಹತ್ತಿರ ಸರಿಯಾದ ಅಳತೆ.

ಸರಿಯಾಗಿ ಅಳೆದು ಸಣ್ಣ ಸಣ್ಣ ತುಂಡು ಕೊಟ್ಟರೆ ಸಮಸ್ಯೆ ಮುಗಿಯಿತಲ್ವಾ ಅಂತ ನಿಮಗೆ ಅನಿಸಬಹುದು. ಇಲ್ಲಿ ಇನ್ನೊಂದು ಕಷ್ಟ ಇದೆ. ಇಂಟರ್‌ನೆಟ್‌ನ ಬೆನ್ನೆಲುಬಿನಲ್ಲಿರುವ ಪ್ರತಿಯೊಂದು ರೂಟರ್ ಜಗತ್ತಿನ ಎಲ್ಲ ಬ್ಲಾಕ್‌ಗಳ ದಾರಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ನಿಮಗೆ ಒಂದೇ /21 ಕೊಟ್ಟರೆ ಎಲ್ಲರ ರೂಟರ್‌ನ ದಾರಿಪಟ್ಟಿಯಲ್ಲಿ, ಅಂದರೆ ಟೇಬಲ್‌ನಲ್ಲಿ, ಒಂದು ಸಾಲು. ಅದನ್ನೇ ಅಲ್ಲಲ್ಲಿ ಚದುರಿದ ಎಂಟು /24 ಆಗಿ ಕೊಟ್ಟರೆ ಎಂಟು ಸಾಲು. ನಿಮ್ಮ ಎಂಟು ಸಾಲಿನ ಖರ್ಚು ನಿಮಗೆ ಬರುವುದಿಲ್ಲ. ನಿಮ್ಮ ಮುಖವನ್ನೇ ನೋಡದ ಸಾವಿರಾರು ಆಪರೇಟರ್‌ಗಳ ರೂಟರ್ ಮೆಮೊರಿಗೆ ಬರುತ್ತದೆ. 2014ರ ಆಗಸ್ಟ್ 12ರಂದು ಈ ಟೇಬಲ್ 5 ಲಕ್ಷ 12 ಸಾವಿರದ ಗಡಿ ದಾಟಿತು. ಹಳೆಯ ಕೆಲವು ರೂಟರ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಸಾಲು ಹಿಡಿಯುವ ಜಾಗ ಇರಲಿಲ್ಲ. ಅವತ್ತು ಎಷ್ಟೋ ಕಡೆ ನೆಟ್ ಕುಂಟಿತು. ಇದಕ್ಕೇ ಸಾಮಾನ್ಯವಾಗಿ /24ಕ್ಕಿಂತ ಚಿಕ್ಕ ಬ್ಲಾಕ್ ಅನ್ನು ಬೇರೆ ನೆಟ್‌ವರ್ಕ್‌ಗಳು ಒಪ್ಪುವುದಿಲ್ಲ.

ಹೀಗಾಗಿ ಹಂಚಿಕೆಯ ನಿಯಮಗಳು ಮೂರು ಕಡೆ ಎಳೆದಾಡುತ್ತವೆ. ಅಡ್ರೆಸ್ ಪೋಲಾಗಬಾರದು. ತುಂಡು ತುಂಡಾಗಬಾರದು. ಯಾರ ಹತ್ತಿರ ಏನಿದೆ ಅನ್ನುವ ದಾಖಲೆ ಸರಿ ಇರಬೇಕು. 1996ರಲ್ಲಿ ಬರೆದಿಟ್ಟ ಮಾರ್ಗಸೂಚಿಯಲ್ಲಿ ಈ ಮೂರೂ ಇದ್ದವು, ಒಂದಕ್ಕೊಂದು ತಾಕುತ್ತವೆ ಅನ್ನುವ ಮಾತೂ ಇತ್ತು. ಪೋಲು ತಪ್ಪಿಸಲು ಹೊರಟರೆ ತುಂಡುಗಳು ಜಾಸ್ತಿ ಆಗುತ್ತವೆ. ತುಂಡು ತಪ್ಪಿಸಲು ಹೊರಟರೆ ಪೋಲು ಜಾಸ್ತಿ ಆಗುತ್ತದೆ. ಮೂರನೆಯದಕ್ಕೆ ಮಾತ್ರ ಯಾರ ಜೊತೆಗೂ ಜಗಳ ಇಲ್ಲ. ಎಲ್ಲರೂ ಮರೆಯುವುದೂ ಅದನ್ನೇ. ಅದಕ್ಕೆ ಆಮೇಲೆ ಬರುತ್ತೇನೆ.

ಯಾರು ಹಂಚುತ್ತಾರೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಐಯಾನಾ ದೊಡ್ಡ ಬ್ಲಾಕ್‌ಗಳನ್ನು ಐದು ಪ್ರಾದೇಶಿಕ ರಿಜಿಸ್ಟ್ರಿಗಳಿಗೆ ಕೊಡುತ್ತದೆ. ಯುರೋಪ್, ಮಧ್ಯಪ್ರಾಚ್ಯ, ಮಧ್ಯ ಏಷ್ಯಾದ ಕಡೆಗೆ ರೈಪ್ ಎನ್‌ಸಿಸಿ. ಏಷ್ಯಾ ಪೆಸಿಫಿಕ್‌ಗೆ ಏಪಿನಿಕ್. ಉತ್ತರ ಅಮೆರಿಕಕ್ಕೆ ಆರಿನ್. ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್ನಿಕ್. ಆಫ್ರಿಕಾಕ್ಕೆ ಆಫ್ರಿನಿಕ್. ಮೊದಲನೆಯದು 1992ರದು, ಕೊನೆಯದು 2005ರದು. ಏಪಿನಿಕ್ ಕೆಳಗೆ ಜಪಾನ್, ಚೀನಾ, ಭಾರತದಂಥ ಕೆಲವು ದೇಶಗಳಲ್ಲಿ ರಾಷ್ಟ್ರೀಯ ರಿಜಿಸ್ಟ್ರಿಗಳೂ ಇವೆ. ಇವು ಯಾವುವೂ ಲಾಭಕ್ಕೆ ನಡೆಯುವ ಕಂಪನಿಗಳಲ್ಲ. ಆಪರೇಟರ್‌ಗಳೇ ಸದಸ್ಯರು, ಅವರ ವಾರ್ಷಿಕ ಶುಲ್ಕದಿಂದ ಕೆಲಸ ನಡೆಯುತ್ತದೆ.

ಅಡ್ರೆಸ್ ಇನ್ನೂ ಸಾಕಷ್ಟು ಇದ್ದ ಕಾಲದಲ್ಲಿ ಅರ್ಜಿ ಹೇಗೆ ನಡೆಯುತ್ತಿತ್ತು ಅಂತ ಹತ್ತಿರದಿಂದ ನೋಡೋಣ. ಆಗಿನ ಮೂಲಸೂತ್ರ ಒಂದೇ: ಅಗತ್ಯ ತೋರಿಸು, ತೆಗೆದುಕೊ.

ಒಬ್ಬ ಆಪರೇಟರ್ ಬಂದು ನನಗೆ ಎಂಟು ಸಾವಿರ ಅಡ್ರೆಸ್ ಬೇಕು ಅನ್ನುತ್ತಾನೆ. ರಿಜಿಸ್ಟ್ರಿಯಲ್ಲಿ ಅರ್ಜಿ ನೋಡುವವರನ್ನು ಹೋಸ್ಟ್‌ಮಾಸ್ಟರ್ ಅನ್ನುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ಈಗ ಎಷ್ಟು ಗಿರಾಕಿಗಳಿದ್ದಾರೆ? ಒಂದು ವರ್ಷಕ್ಕೆ ಎಷ್ಟಾಗಬಹುದು, ಯಾವ ಆಧಾರದ ಮೇಲೆ ಹೇಳುತ್ತೀರಿ? ಒಂದೇ ಹೊತ್ತಿಗೆ ಎಷ್ಟು ಜನ ಆನ್‌ಲೈನ್ ಇರುತ್ತಾರೆ? ಯಾವ ಜಾಗದಲ್ಲಿ ಯಾವ ಸಬ್‌ನೆಟ್, ಅಂದರೆ ಬ್ಲಾಕ್‌ನ ಯಾವ ಒಳತುಂಡು, ಬಳಸುತ್ತೀರಿ, ಪ್ಲ್ಯಾನ್ ತೋರಿಸಿ. ಉಪಕರಣ ಕೊಂಡಿದ್ದೀರಾ, ಬಿಲ್ ಕಳಿಸಿ. ಈಗಾಗಲೇ ನಿಮ್ಮ ಹತ್ತಿರ ಇರುವ ಬ್ಲಾಕ್‌ನಲ್ಲಿ ಶೇಕಡಾ 80 ಬಳಕೆ ಆಗಿದೆಯಾ? ಆಗಿಲ್ಲದಿದ್ದರೆ ಹೋಗಿ ಅದನ್ನು ಮೊದಲು ಬಳಸಿ ಬನ್ನಿ.

ಹೊಸಬರಿಗೆ ಕೇಳಿದ ಎಂಟು ಸಾವಿರವನ್ನೂ ಒಂದೇ ಸಲ ಕೊಡುತ್ತಿರಲಿಲ್ಲ. ಮೊದಲು ಚಿಕ್ಕ ಬ್ಲಾಕ್. ಅದನ್ನು ಹೇಗೆ ಬಳಸಿದರು ಅಂತ ನೋಡಿ ಮುಂದಿನದು. ಸಾಧ್ಯವಾದಲ್ಲಿ ಪಕ್ಕದ ಜಾಗ ಖಾಲಿ ಬಿಟ್ಟಿರುತ್ತಿದ್ದರು. ಎರಡನೇ ಸಲ ಕೊಡುವಾಗ ಎರಡೂ ಸೇರಿ ಒಂದೇ ದೊಡ್ಡ ಬ್ಲಾಕ್ ಆಗಲಿ, ಟೇಬಲ್‌ನಲ್ಲಿ ಒಂದೇ ಸಾಲು ಉಳಿಯಲಿ ಅಂತ. ಪೋಲು ಮತ್ತು ತುಂಡು ಎರಡನ್ನೂ ಒಟ್ಟಿಗೆ ತಡೆಯುವ ಜಾಣತನ ಇದು. ಅರ್ಜಿ ಹಾಕಿದವರಿಗೆ ಇದು ಕಿರಿಕಿರಿ ಅನಿಸುತ್ತಿತ್ತು ನಿಜ. ಆದರೆ ದುಡ್ಡಿದ್ದವರು, ಇಲ್ಲದವರು ಅನ್ನುವ ಭೇದ ಅಲ್ಲಿ ಇರಲಿಲ್ಲ. ಎಲ್ಲರೂ ಅದೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಆ ಸಮಾನತೆಯ ಬೆಲೆ ಈಗ ನಮಗೆ ಅರ್ಥವಾಗುತ್ತಿದೆ.

ಆದರೂ ಅಡ್ರೆಸ್ ಮುಗಿಯುತ್ತ ಬಂತು. 2011ರ ಫೆಬ್ರವರಿ 3ರಂದು ಐಯಾನಾ ತನ್ನ ಬಳಿ ಇದ್ದ ಕೊನೆಯ ಬ್ಲಾಕ್‌ಗಳನ್ನು ಹಂಚಿಬಿಟ್ಟಿತು. ಐದು ಪ್ರದೇಶಗಳೂ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ಕೊನೆಯ ಐದು /8 ಉಳಿದಾಗ ಅಗತ್ಯ ಕೇಳಬಾರದು, ಒಬ್ಬೊಬ್ಬರಿಗೆ ಒಂದೊಂದು. ಒಂದು /8 ಅಂದರೆ ಹಳೆಯ ಕ್ಲಾಸ್ ಎ, 1 ಕೋಟಿ 67 ಲಕ್ಷ ಅಡ್ರೆಸ್. ಅಗತ್ಯವನ್ನೇ ನೋಡಿದ್ದರೆ ವೇಗವಾಗಿ ಬೆಳೆಯುತ್ತಿದ್ದ ಪ್ರದೇಶವೇ ಐದನ್ನೂ ನುಂಗುತ್ತಿತ್ತು. ಆಗಿನ್ನೂ ನಿಧಾನವಾಗಿ ಬೆಳೆಯುತ್ತಿದ್ದ ಆಫ್ರಿಕಾಕ್ಕೆ ಏನೂ ಉಳಿಯುತ್ತಿರಲಿಲ್ಲ. ಹಂಚಿಕೆಯ ಇಡೀ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ನಿರ್ಧಾರಗಳಲ್ಲಿ ಇದೊಂದು.

ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ. ಏಪಿನಿಕ್‌ನಲ್ಲಿ ಎರಡೇ ತಿಂಗಳಲ್ಲಿ, 2011ರ ಏಪ್ರಿಲ್ 15ಕ್ಕೆ, ಕೊನೆಯ /8 ಮಾತ್ರ ಉಳಿಯಿತು. 103ರಿಂದ ಶುರುವಾಗುವ ಅಡ್ರೆಸ್‌ಗಳು ಅವು. ಅವತ್ತಿನಿಂದ ನಿಯಮ ಬದಲಾಯಿತು. ನೀವು ಕೋಟಿ ಗಿರಾಕಿಗಳ ಮೊಬೈಲ್ ಕಂಪನಿಯಾಗಿರಿ, ಮುನ್ನೂರು ಮನೆಗಳಿಗೆ ನೆಟ್ ಕೊಡುವ ಸಣ್ಣ ಆಪರೇಟರ್ ಆಗಿರಿ, ಈ ಬ್ಲಾಕ್‌ನಿಂದ ನಿಮಗೆ ಸಿಗುವುದು ಗರಿಷ್ಠ ಒಂದು /22, ಅಂದರೆ 1,024 ಅಡ್ರೆಸ್. 2019ರಲ್ಲಿ ಆ ಮಿತಿಯನ್ನು /23ಕ್ಕೆ, 512ಕ್ಕೆ, ಇಳಿಸಿದರು. ರೈಪ್‌ನಲ್ಲೂ 2012ರ ಸೆಪ್ಟೆಂಬರ್‌ನಿಂದ ಇಂಥದೇ /22 ನಿಯಮ ಇತ್ತು. ಅಲ್ಲಿ 2019ರ ನವೆಂಬರ್ 25ಕ್ಕೆ ಅದೂ ಖಾಲಿಯಾಯಿತು. ಈಗ ಯಾರಾದರೂ ವಾಪಸ್ ಕೊಟ್ಟಿದ್ದು ಇದ್ದರೆ ಕಾಯುವ ಪಟ್ಟಿಯಲ್ಲಿರುವವರಿಗೆ ಒಂದೊಂದು /24.

512 ಅಡ್ರೆಸ್‌ನಿಂದ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ತುಂಬ ಆಗುತ್ತದೆ. ಹೊಸ ಆಪರೇಟರ್ ವೆಬ್ ಹೆಸರುಗಳನ್ನು ಅಡ್ರೆಸ್‌ಗೆ ತಿರುಗಿಸುವ ತನ್ನ ಡಿಎನ್‌ಎಸ್ ಸರ್ವರ್, ಮೇಲ್ ಸರ್ವರ್ ಎಲ್ಲ ನಡೆಸಬಹುದು. ಉಳಿದದ್ದನ್ನು ಎನ್‌ಎಟಿ (ಹಲವರು ಒಂದೇ ಅಡ್ರೆಸ್ ಬಳಸುವ ವಿಧಾನ) ಮೂಲಕ ಹಂಚಿಕೊಂಡು ಸಾವಿರಾರು ಗಿರಾಕಿಗಳನ್ನು ಹೊರಗಿನ ನೆಟ್‌ಗೆ ಜೋಡಿಸಬಹುದು. ದೊಡ್ಡವರ ಮರ್ಜಿಗೆ ಕಾಯದೆ, ಸ್ವಂತ ಹೆಸರಿನಲ್ಲಿ ನೆಟ್‌ವರ್ಕ್ ಶುರು ಮಾಡಬಹುದು. ಆ 512 ಇಲ್ಲದಿದ್ದರೆ ಅವನು ಯಾವುದಾದರೂ ದೊಡ್ಡ ಕಂಪನಿಯ ಅಡ್ರೆಸ್ ಬಾಡಿಗೆಗೆ ಹಿಡಿದು, ಅವರು ಹೇಳಿದಂತೆ ಕೇಳಿಕೊಂಡು ಇರಬೇಕು.

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೇ ಅಡ್ರೆಸ್‌ನ ಹಿಂದೆ ನೂರು ಮನೆಗಳನ್ನು ಕೂರಿಸಿದಾಗ ಯಾರೋ ಒಬ್ಬರ ಕಂಪ್ಯೂಟರ್‌ಗೆ ವೈರಸ್ ಹತ್ತಿದರೆ, ಆ ಅಡ್ರೆಸ್ ಬ್ಲ್ಯಾಕ್‌ಲಿಸ್ಟ್‌ಗೆ ಹೋಗಿ ನೂರು ಮನೆಗೂ ತೊಂದರೆ. ಮನೆಯಲ್ಲಿ ಕ್ಯಾಮೆರಾ ಹಾಕಿಕೊಂಡವರಿಗೆ ಹೊರಗಿನಿಂದ ನೇರವಾಗಿ ಅದನ್ನು ತಲುಪಲು ಆಗುವುದಿಲ್ಲ. ಪೊಲೀಸರು ಈ ಅಡ್ರೆಸ್ ಯಾರದು ಅಂತ ಕೇಳಿದರೆ, ಯಾವ ಪೋರ್ಟ್ (ಒಂದೇ ಅಡ್ರೆಸ್‌ನ ಒಳಗೆ ಒಂದೊಂದು ಸಂಪರ್ಕಕ್ಕೆ ಸಿಗುವ ಸಂಖ್ಯೆ) ಯಾವ ಕ್ಷಣದಲ್ಲಿ ಯಾರ ಬಳಿ ಇತ್ತು ಅನ್ನುವ ಲಾಗ್ ತೆಗೆಯಬೇಕು. ಆಪರೇಟರ್‌ಗಳ ಒಳಗಿನ ಈ ಹಂಚಿಕೆಗೆ ಅಂತಲೇ 2012ರಲ್ಲಿ 100.64.0.0/10 ಅನ್ನುವ ಬ್ಲಾಕ್ ಅನ್ನು ಪ್ರತ್ಯೇಕವಾಗಿ ಎತ್ತಿಟ್ಟರು. ಮೊದಲು ಬಂದ ಆಪರೇಟರ್‌ನ ಗಿರಾಕಿಗೆ ಈ ಯಾವ ತಲೆನೋವೂ ಇಲ್ಲ. ತಡವಾಗಿ ಬಂದವನ ಗಿರಾಕಿ ಅದೇ ದುಡ್ಡು ಕೊಟ್ಟು ಕಡಿಮೆ ಇಂಟರ್‌ನೆಟ್ ಪಡೆಯುತ್ತಾನೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಉಚಿತ ಖಜಾನೆ ಖಾಲಿಯಾದ ಮೇಲೆ ಮಾರುಕಟ್ಟೆ ಬಂತು. 2011ರಲ್ಲಿ ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ ಮೈಕ್ರೋಸಾಫ್ಟ್ 6,66,624 ಅಡ್ರೆಸ್‌ಗಳನ್ನು 75 ಲಕ್ಷ ಡಾಲರ್‌ಗೆ ಕೊಂಡಿತು. ಒಂದಕ್ಕೆ ಸುಮಾರು 11 ಡಾಲರ್. 2021ರ ಹೊತ್ತಿಗೆ ಅದು 50 ಡಾಲರ್ ಆಸುಪಾಸಿಗೆ ಹೋಯಿತು, ಆಮೇಲೆ ಇಳಿಯಿತು. ಎಂಐಟಿ 2017ರಲ್ಲಿ ತನ್ನ ಬ್ಲಾಕ್‌ನ ಒಂದು ದೊಡ್ಡ ಭಾಗ ಮಾರಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಈಗ ದುಡ್ಡು. 2024ರ ಫೆಬ್ರವರಿಯಿಂದ ಅಮೆಜಾನ್‌ನ ಕ್ಲೌಡ್‌ನಲ್ಲಿ ಪ್ರತಿಯೊಂದು ಪಬ್ಲಿಕ್ ಐಪಿವಿ4 ಅಡ್ರೆಸ್‌ಗೆ ಗಂಟೆಗೆ ಅರ್ಧ ಸೆಂಟ್ ಬಾಡಿಗೆ ಇದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 44 ಡಾಲರ್.

ಮಾರುಕಟ್ಟೆಯೇ ಬೇಡ ಅನ್ನುವವನು ನಾನಲ್ಲ. ಸುಮ್ನೆ ಬಿದ್ದಿದ್ದ ಅಡ್ರೆಸ್ ಬಳಕೆಗೆ ಬಂತಲ್ಲ, ಅದು ಒಳ್ಳೆಯದೇ. ಕೊಳ್ಳುವವನು ಅಗತ್ಯ ತೋರಿಸಬೇಕಾ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ. ಆರಿನ್ ಬೇಕು ಅನ್ನುತ್ತದೆ. ರೈಪ್ 2014ರಲ್ಲಿ ಬೇಡ ಅಂದಿತು. ಅಗತ್ಯ ಇಲ್ಲದವನು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾನೆ ಅನ್ನುವುದು ಅವರ ವಾದ. ಕೂಡಿಟ್ಟು ಬಾಡಿಗೆಗೆ ಬಿಡಲು ಕೊಳ್ಳುತ್ತಾನೆ ಅನ್ನುವುದು ನನ್ನ ಉತ್ತರ.

ತೊಂದರೆ ಜಾಸ್ತಿ ಆಗುವುದು ಪುಕ್ಕಟೆ ಪಾಲು ಮತ್ತು ಮಾರುಕಟ್ಟೆ ಎರಡೂ ಪಕ್ಕಪಕ್ಕದಲ್ಲಿ ಇದ್ದಾಗ. ರೈಪ್‌ನಲ್ಲಿ ಒಂದೇ ಕಂಪನಿ ಹಲವು ಸದಸ್ಯತ್ವ ತೆರೆದು, ಒಂದೊಂದಕ್ಕೂ /22 ಪಡೆದ ಉದಾಹರಣೆಗಳಿವೆ. ಶುಲ್ಕ ಕಟ್ಟಿದರೂ ಮಾರುಕಟ್ಟೆ ದರಕ್ಕಿಂತ ಅದು ಅಗ್ಗ. ಆರಿನ್‌ನಲ್ಲಿ ಕಾಯುವ ಪಟ್ಟಿಯಿಂದ ಅಡ್ರೆಸ್ ಪಡೆದವರು, ವರ್ಷದ ನಿರ್ಬಂಧ ಮುಗಿಯುತ್ತಿದ್ದಂತೆ ಮಾರಿಕೊಳ್ಳುತ್ತಿದ್ದರು. 2019ರ ಶುರುವಿನಲ್ಲಿ ಪಟ್ಟಿಯನ್ನೇ ನಿಲ್ಲಿಸಿ, ಮಾರಾಟಕ್ಕೆ ಐದು ವರ್ಷದ ತಡೆ ಹಾಕಿದ ಮೇಲೆ ಮತ್ತೆ ತೆರೆದರು. ಅದೇ ವರ್ಷ ಬೇನಾಮಿ ಕಂಪನಿಗಳ ಹೆಸರಿನಲ್ಲಿ 7 ಲಕ್ಷಕ್ಕೂ ಜಾಸ್ತಿ ಅಡ್ರೆಸ್ ಹೊಡೆದಿದ್ದ ಪ್ರಕರಣವೂ ಅಲ್ಲಿ ಬಯಲಾಯಿತು. ಏಪಿನಿಕ್ ತನ್ನ 103 ಬ್ಲಾಕ್‌ಗೆ ಐದು ವರ್ಷ ವರ್ಗಾವಣೆ ಮಾಡುವಂತಿಲ್ಲ ಅಂತ ನಿಯಮ ತಂದಿತು. ಇಂಥ ತಡೆಗಳನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಕೊನೆಗೆ ಬಂದವರಿಗೆ ಅಂತ ಎತ್ತಿಟ್ಟ ಪಾಲನ್ನು ಮೊದಲು ಬಂದವನೇ ವೇಷ ಹಾಕಿಕೊಂಡು ಬಂದು ಒಯ್ಯಬಾರದು.

ಈಗ ಐಪಿವಿ4ರ ಜಾಗಕ್ಕೆ ಬರಬೇಕಾದ ಹೊಸ ಪದ್ಧತಿ, ಐಪಿವಿ6. ಇಲ್ಲಿ 128 ಬಿಟ್. ಸಂಖ್ಯೆ ಎಷ್ಟು ಅಂತ ಬಾಯಲ್ಲಿ ಹೇಳಿ ಉಪಯೋಗ ಇಲ್ಲ, ಹಂಚುವ ರೀತಿ ನೋಡೋಣ. ಒಬ್ಬ ಆಪರೇಟರ್‌ಗೆ ಶುರುವಿನಲ್ಲೇ ಸಿಗುವುದು ಸಾಮಾನ್ಯವಾಗಿ ಒಂದು /32. ಅದರೊಳಗೆ 65,536 ಬ್ಲಾಕ್‌ಗಳು, ಒಂದೊಂದೂ /48. ಒಂದು /48 ಒಳಗೆ ಮತ್ತೆ 65,536 ಸಬ್‌ನೆಟ್‌ಗಳು, ಒಂದೊಂದೂ /64. ಒಂದು ಕಚೇರಿಗೋ ಮನೆಗೋ /48 ಕೊಟ್ಟರೂ ಒಂದೇ /32ರಲ್ಲಿ 65 ಸಾವಿರ ಗಿರಾಕಿಗಳನ್ನು ಸೇರಿಸಬಹುದು. ಮನೆಗಳಿಗೆ /56 ಕೊಟ್ಟರೆ 1 ಕೋಟಿ 67 ಲಕ್ಷ ಮನೆಗಳು. ಈಗ ಬಳಕೆಗೆ ತೆರೆದಿರುವ ಭಾಗ ಇಡೀ ಐಪಿವಿ6ರ ಎಂಟನೇ ಒಂದು ಪಾಲು ಮಾತ್ರ. ಅದರಲ್ಲೇ 35 ಲಕ್ಷ ಕೋಟಿ /48ಗಳಿವೆ.

ಇಲ್ಲಿ ಅಡ್ರೆಸ್ ಎಣಿಸಿ ಕೊಡುವ ಹಳೆಯ ಅಭ್ಯಾಸ ಬಿಡಬೇಕು. ಪೋಲಾಗುವ ಭಯ ಕಡಿಮೆ, ತುಂಡಾಗುವ ಭಯವೇ ಜಾಸ್ತಿ. ಅದಕ್ಕೇ ದೊಡ್ಡ ಬ್ಲಾಕ್ ಒಂದೇ ಸಲ ಕೊಟ್ಟುಬಿಡುತ್ತಾರೆ. ಆದರೆ ಹಳೆಯ ಮನಸ್ಸು ಬೇಗ ಬದಲಾಗಲಿಲ್ಲ. 2002ರ ನಿಯಮದಲ್ಲಿ /32 ಬೇಕಿದ್ದರೆ ಎರಡು ವರ್ಷದಲ್ಲಿ 200 ಗಿರಾಕಿಗಳಿಗೆ ಹಂಚುವ ಯೋಜನೆ ತೋರಿಸಬೇಕಿತ್ತು. ಐಪಿವಿ6 ಕೇಳುವ ಗಿರಾಕಿಯೇ ಇಲ್ಲದ ಕಾಲದಲ್ಲಿ ಸಣ್ಣ ಆಪರೇಟರ್ 200 ಜನರನ್ನು ಎಲ್ಲಿಂದ ತೋರಿಸಬೇಕು? ಬೇಗ ಶುರು ಮಾಡಲು ತಯಾರಿದ್ದವರನ್ನೇ ಆ ನಿಯಮ ಬಾಗಿಲಲ್ಲಿ ನಿಲ್ಲಿಸಿತು. ಮುಂದೆ ಅದನ್ನು ಕೈಬಿಟ್ಟರು.

ಈಗಲೂ ಜಿಪುಣತನ ಮಾಡುವ ಆಪರೇಟರ್‌ಗಳಿದ್ದಾರೆ. ರಿಜಿಸ್ಟ್ರಿಯಿಂದ /32 ಪಡೆದು, ಮನೆಗೆ ಒಂದೇ ಒಂದು /64 ಕೊಡುತ್ತಾರೆ. ಒಂದೇ ಸಬ್‌ನೆಟ್ ಇದ್ದರೆ ಮನೆಯವರು ಅತಿಥಿಗಳ ವೈಫೈ ಬೇರೆ, ಕ್ಯಾಮೆರಾಗಳ ನೆಟ್‌ವರ್ಕ್ ಬೇರೆ ಅಂತ ಸರಿಯಾಗಿ ವಿಂಗಡಿಸಲು ಆಗುವುದಿಲ್ಲ. ಮತ್ತೆ ಎನ್‌ಎಟಿ ಹಾಕುವ ಸ್ಥಿತಿ ಬರುತ್ತದೆ. ಇಲ್ಲಿ ಆಪರೇಟರ್‌ಗಳು ಇದ್ದೀರಿ, ದಯವಿಟ್ಟು ಹೀಗೆ ಮಾಡಬೇಡಿ. ಕನಿಷ್ಠ /56 ಕೊಡಿ. ನಿಮಗೆ ಏನೂ ಕಳೆದುಹೋಗುವುದಿಲ್ಲ.

ಈಗ ದಾಖಲೆಯ ಮಾತು. ಹಂಚಲು ಐಪಿವಿ4 ಹೆಚ್ಚು ಉಳಿದಿಲ್ಲ, ಐಪಿವಿ6ರಲ್ಲಿ ಅಳೆಯುವ ಅಗತ್ಯ ಇಲ್ಲ. ಹಾಗಾದರೆ ರಿಜಿಸ್ಟ್ರಿಗಳಿಗೆ ಇನ್ನೇನು ಕೆಲಸ? ಯಾರದು ಏನು ಅನ್ನುವುದನ್ನು ಸರಿಯಾಗಿ ಬರೆದಿಡುವುದು. ಇದೇ ಈಗ ಅವುಗಳ ಮುಖ್ಯ ಕೆಲಸ.

2008ರ ಫೆಬ್ರವರಿ 24ರಂದು ಏನಾಯಿತು ನೋಡಿ. ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬ್‌ನ ಒಂದು /24 ತನ್ನ ಬಳಿ ಇದೆ ಅಂತ ಘೋಷಿಸಿತು. ದೇಶದ ಒಳಗೆ ಮಾತ್ರ ಇರಬೇಕಿದ್ದ ಆ ಘೋಷಣೆ ಹೊರಗೆ ಸೋರಿತು. ಯೂಟ್ಯೂಬ್ ಘೋಷಿಸುತ್ತಿದ್ದದ್ದು /22. ಹೆಚ್ಚು ನಿಖರವಾದ ದಾರಿ ಕಂಡರೆ ರೂಟರ್ ಅದನ್ನೇ ಹಿಡಿಯುತ್ತದೆ. ಹಾಗಾಗಿ ಜಗತ್ತಿನ ಬಹುಪಾಲು ಯೂಟ್ಯೂಬ್ ಟ್ರಾಫಿಕ್ ಸುಮಾರು ಎರಡು ಗಂಟೆ ತಪ್ಪು ದಾರಿಗೆ ಹೋಯಿತು. ರಿಜಿಸ್ಟ್ರಿಯ ಪುಸ್ತಕದಲ್ಲಿ ಆ ಅಡ್ರೆಸ್ ಯಾರದು ಅಂತ ಸರಿಯಾಗೇ ಇತ್ತು. ಆದರೆ ರೂಟರ್‌ಗಳು ಪುಸ್ತಕ ಓದುತ್ತಿರಲಿಲ್ಲ. ಈಗ ಆರ್‌ಪಿಕೆಐ ಅನ್ನುವ ವ್ಯವಸ್ಥೆ ಇದೆ. ನನ್ನ ಈ ಬ್ಲಾಕ್ ಅನ್ನು ಇಂಥ ಎಎಸ್ ನಂಬರ್ (ಒಂದೊಂದು ನೆಟ್‌ವರ್ಕ್‌ನ ಗುರುತಿನ ಸಂಖ್ಯೆ) ಮಾತ್ರ ಘೋಷಿಸಬಹುದು ಅಂತ ನೀವು ರಿಜಿಸ್ಟ್ರಿಯ ಪೋರ್ಟಲ್‌ನಲ್ಲಿ ಸಹಿ ಹಾಕಿಡುತ್ತೀರಿ. ಅದಕ್ಕೆ ರೋವಾ ಅಂತ ಹೆಸರು. ಬೇರೆಯವರ ರೂಟರ್‌ಗಳು ಅದನ್ನು ಪರೀಕ್ಷಿಸಿ, ಹೊಂದದ ಘೋಷಣೆಯನ್ನು ಬಿಸಾಡುತ್ತವೆ.

ಪುಸ್ತಕ ಬರೆಯುವವರೇ ಕೆಟ್ಟರೆ ಏನು ಅನ್ನುವ ಪ್ರಶ್ನೆಗೆ ಆಫ್ರಿನಿಕ್‌ನಲ್ಲಿ ಕಹಿಯಾದ ಉತ್ತರ ಸಿಕ್ಕಿತು. ಒಳಗಿನವರೇ ದಾಖಲೆ ತಿದ್ದಿ ಲಕ್ಷಾಂತರ ಅಡ್ರೆಸ್ ಬೇರೆಯವರ ಕೈಗೆ ದಾಟಿಸಿದ್ದು 2019ರಲ್ಲಿ ಬಯಲಾಯಿತು. ಆಮೇಲೆ ಅಡ್ರೆಸ್ ಬಳಕೆಯ ವಿಷಯದಲ್ಲಿ ಒಬ್ಬ ದೊಡ್ಡ ಸದಸ್ಯನ ಜೊತೆ ಜಗಳ ಹುಟ್ಟಿ ಮಾರಿಷಸ್‌ನ ಕೋರ್ಟಿಗೆ ಹೋಯಿತು. 2021ರಲ್ಲಿ ರಿಜಿಸ್ಟ್ರಿಯ ಬ್ಯಾಂಕ್ ಖಾತೆಗಳೇ ಸ್ತಂಭನವಾದವು. 2023ರಲ್ಲಿ ಅದರ ಆಡಳಿತ ನೋಡಿಕೊಳ್ಳಲು ಕೋರ್ಟ್ ರಿಸೀವರ್ ನೇಮಿಸಿತು. ತಡವಾಗಿ ಬಂದ ಖಂಡ ಅದು, ಅದರ ಪಾಲೇ ಹೀಗೆ ಸೋರಿತು. ಇಂಥದ್ದು ತಡೆಯಲು ಒಂದು ಕಾಯಂ ಔಷಧಿ ಇದೆ ಅಂತ ನನಗೆ ಅನಿಸುವುದಿಲ್ಲ. ಸದಸ್ಯರು ಮತ ಹಾಕುವುದು, ಲೆಕ್ಕ ಕೇಳುವುದು, ಸಭೆಗೆ ಬರುವುದು, ಇಷ್ಟೇ ಕೈಯಲ್ಲಿರುವುದು.

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಈ ನಿಯಮಗಳನ್ನು ರಿಜಿಸ್ಟ್ರಿಯ ಸಿಬ್ಬಂದಿ ಬರೆಯುವುದಿಲ್ಲ. ಯಾರು ಬೇಕಾದರೂ ಪ್ರಸ್ತಾವ ಬರೆದು ಕಳಿಸಬಹುದು, ಸದಸ್ಯರೇ ಆಗಿರಬೇಕಿಲ್ಲ. ಎಲ್ಲರೆದುರು ಚರ್ಚೆ ನಡೆಯುತ್ತದೆ. ತಲೆ ಎಣಿಸುವುದಿಲ್ಲ. ಗಟ್ಟಿ ಕಾರಣ ಇರುವ ಆಕ್ಷೇಪ ಬಂದರೆ ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ದೊಡ್ಡ ಕಂಪನಿಯ ಮಾತಿಗೂ ವಿದ್ಯಾರ್ಥಿಯ ಮಾತಿಗೂ ಅಲ್ಲಿ ಒಂದೇ ತೂಕ ಇರಬೇಕು ಅನ್ನುವುದು ನಿಯಮ. ಆದರೆ ಮಾತಾಡಲು ಬರುವವರು ಬೆರಳೆಣಿಕೆಯಷ್ಟು. ಇಡೀ ಖಂಡದ ಪಾಲನ್ನು ನಿರ್ಧರಿಸುವ ಚರ್ಚೆಯಲ್ಲಿ ಹತ್ತಿಪ್ಪತ್ತು ಜನ ಮಾತಾಡಿ ಮುಗಿದಿದ್ದನ್ನು ನೋಡಿದ್ದೇನೆ. ಬಾಗಿಲು ತೆರೆದಿದೆ, ಒಳಗೆ ಬನ್ನಿ.

ಸಭೆಯಲ್ಲಿ ಬಂದ ಪ್ರಶ್ನೆಗಳು:

240ರಿಂದ 255ರವರೆಗಿನ ಸಂಖ್ಯೆಗಳಿಂದ ಶುರುವಾಗುವ ಐಪಿವಿ4 ಅಡ್ರೆಸ್‌ಗಳು ಸುಮ್ನೆ ಇವೆಯಲ್ಲ, ಅವನ್ನು ಯಾಕೆ ಹಂಚಬಾರದು?

ಒಳ್ಳೆಯ ಪ್ರಶ್ನೆ. ಅಲ್ಲಿ 26 ಕೋಟಿಗೂ ಜಾಸ್ತಿ ಅಡ್ರೆಸ್‌ಗಳಿವೆ. ಮುಂದಿನ ಬಳಕೆಗೆ ಅಂತ 1980ರ ದಶಕದಲ್ಲೇ ಎತ್ತಿಟ್ಟಿದ್ದರು. ತೊಂದರೆ ಏನೆಂದರೆ ಎಷ್ಟೋ ರೂಟರ್‌ಗಳು, ಆಪರೇಟಿಂಗ್ ಸಿಸ್ಟಮ್‌ಗಳು ಅವನ್ನು ಕಂಡ ಕೂಡಲೇ ತಿರಸ್ಕರಿಸುತ್ತವೆ. ಹಂಚಿದರೆ ಅದನ್ನು ಪಡೆದವನ ಗಿರಾಕಿಗೆ ಅರ್ಧ ಇಂಟರ್‌ನೆಟ್ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಪಡೆಯುವವರು ಯಾರು? ಮತ್ತೆ ಅದೇ ತಡವಾಗಿ ಬಂದವರು. ಖಾಲಿಯಾಗುವ ಮುಂಚಿನ ವರ್ಷ ತಿಂಗಳಿಗೆ ಒಂದಕ್ಕೂ ಜಾಸ್ತಿ /8 ಹೋಗುತ್ತಿತ್ತು. ಇಲ್ಲಿರುವುದು 16. ಆ ವೇಗದಲ್ಲಿ ಒಂದೂವರೆ ವರ್ಷವೂ ಬರುವುದಿಲ್ಲ.

ಆಯಾ ದೇಶದ ಸರ್ಕಾರಗಳೇ ಅಡ್ರೆಸ್ ಹಂಚಿದರೆ ನ್ಯಾಯ ಸಿಗುವುದಿಲ್ಲವಾ?

ಟೆಲಿಫೋನ್ ನಂಬರ್ ಹಾಗೆ ದೇಶಕ್ಕೊಂದು ಪಾಲು ಕೊಡಿ ಅನ್ನುವ ವಾದ ಹಳೆಯದು. ನೆಟ್‌ವರ್ಕ್‌ಗಳು ದೇಶದ ಗಡಿ ನೋಡಿ ಬೆಳೆಯುವುದಿಲ್ಲ. ಹತ್ತು ದೇಶದಲ್ಲಿ ಕೆಲಸ ಮಾಡುವ ಆಪರೇಟರ್‌ಗೆ ಹತ್ತು ತುಂಡು ಕೊಡಬೇಕಾಗುತ್ತದೆ, ಟೇಬಲ್ ಉಬ್ಬುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಡ್ರೆಸ್ ಕೊಡುವ ಅಧಿಕಾರ ಇದ್ದವರಿಗೆ ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ. ಅದು ಸರ್ಕಾರಗಳ ಕೈಯಲ್ಲಿ ಇರುವುದು ನನಗೆ ಸಮಾಧಾನ ಕೊಡುವುದಿಲ್ಲ. ಭಾಷೆ, ಹಣ ಕಟ್ಟುವ ಅನುಕೂಲಕ್ಕೆ ರಾಷ್ಟ್ರೀಯ ರಿಜಿಸ್ಟ್ರಿ ಇರಲಿ, ನಿಯಮ ಮಾತ್ರ ಇಡೀ ಪ್ರದೇಶಕ್ಕೆ ಒಂದೇ ಇರಲಿ.

ಈಗ ಹೊಸದಾಗಿ ಶುರು ಮಾಡುವ ಸಣ್ಣ ಆಪರೇಟರ್ ಏನು ಮಾಡಬೇಕು?

ಎಎಸ್ ನಂಬರ್ ಮತ್ತು ಐಪಿವಿ6ರ /32ಕ್ಕೆ ಮೊದಲ ದಿನವೇ ಅರ್ಜಿ ಹಾಕಿ. ನಿಮ್ಮ ಪ್ರದೇಶದಲ್ಲಿ ಹೊಸಬರಿಗೆ ಅಂತ ಐಪಿವಿ4 ಉಳಿದಿದ್ದರೆ ಆ ಪಾಲನ್ನು ಬಿಡಬೇಡಿ, ಅದು ನಿಮಗೆಂದೇ ಇಟ್ಟಿದ್ದು. ನೆಟ್‌ವರ್ಕ್ ಅನ್ನು ಶುರುವಿನಿಂದ ಐಪಿವಿ6 ಮೇಲೆ ಕಟ್ಟಿ. ಗೂಗಲ್‌ನ ಅಳತೆಯಲ್ಲಿ ಅವರ ಬಳಕೆದಾರರಲ್ಲಿ ಅರ್ಧದ ಹತ್ತಿರ ಜನ ಈಗಾಗಲೇ ಐಪಿವಿ6ರಲ್ಲಿ ಬರುತ್ತಾರೆ. ಅಷ್ಟು ಟ್ರಾಫಿಕ್ ಎನ್‌ಎಟಿಯಿಂದ ತಪ್ಪಿದರೆ ನಿಮ್ಮ 512 ಅಡ್ರೆಸ್ ಬಹಳ ದಿನ ಬರುತ್ತವೆ. ಬ್ಲಾಕ್ ಕೈಗೆ ಬಂದ ದಿನವೇ ರೋವಾ ಮಾಡಿ. ನೀವು ನಿಜವಾಗಿ ಘೋಷಿಸುವ ಅಳತೆಯನ್ನೇ ಅದರಲ್ಲಿ ಬರೆಯಿರಿ, ಇರಲಿ ಅಂತ /24ರವರೆಗೂ ಸಡಿಲ ಬಿಡಬೇಡಿ. ಸಡಿಲ ಬಿಟ್ಟ ಜಾಗದಲ್ಲೇ ಬೇರೆಯವರು ನುಸುಳುತ್ತಾರೆ. ಇನ್ನು ದೂರು ಬಂದರೆ ಯಾರನ್ನು ಸಂಪರ್ಕಿಸಬೇಕು ಅನ್ನುವ ಮೇಲ್ ವಿಳಾಸ ದಾಖಲೆಯಲ್ಲಿ ಇರುತ್ತದೆ. ಏಪಿನಿಕ್ ಆರು ತಿಂಗಳಿಗೊಮ್ಮೆ ಅದಕ್ಕೆ ಒಂದು ಮೇಲ್ ಕಳಿಸಿ ಪರೀಕ್ಷಿಸುತ್ತದೆ, ಉತ್ತರ ಬರದಿದ್ದರೆ ಆ ವಿಳಾಸ ಅಮಾನ್ಯ ಅಂತ ಎಲ್ಲರಿಗೂ ಕಾಣುವಂತೆ ಗುರುತು ಹಾಕುತ್ತದೆ. ಕೆಲಸ ಬಿಟ್ಟು ಹೋದವರ ವಿಳಾಸ ಅಲ್ಲಿ ಬೇಡ. ದಿನಾ ಯಾರಾದರೂ ಕೂತು ಓದುವ ವಿಳಾಸವನ್ನೇ ಬರೆಸಿ.